ಎರಡು ನೂಲು ಉದ್ದ

ಹೋದ ತಿಂಗಳು ಪಕ್ಕದ ಅಂಗಡಿಯವರು ಒಂದು ಹಳೇ ಮರದ ಬೀರುವಿಗೆ ಪಾಲಿಷ್ ಹೊಡೆಸಿದರು. ನಾನು ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ವಾಸನೆ ಇಡೀ ಸಾಲಿಗೆ ಹಬ್ಬಿತ್ತು. ಬ್ಲೌಸ್ ಅಳತೆ ಕೊಡಲು ಬಂದಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ ಆಂಟಿ ಇದು, ತಲೆ ಸುತ್ತುತ್ತೆ" ಅಂದಳು. ನನಗೆ ತಲೆ ಸುತ್ತಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಒಂದು ನಿಮಿಷ ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಮೇಲಿನ ಮನೆಯ ಮೇಸ್ತ್ರಿಗಳು ಮೆಟ್ಟಿಲಿಳಿದು ಬರುವಾಗ ಅವರಿಗಿಂತ ಮೊದಲು ಈ ವಾಸನೆ ಬರುತ್ತಿತ್ತು...

ಮೂಡಲಪಾಳ್ಯದಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮುಂದೆ ಅಂಗಡಿ, ಹಿಂದೆ ನನ್ನ ಮನೆ, ಮೇಲೆ ಮೇಸ್ತ್ರಿಗಳ ಮನೆ. ಅವರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವರು. ಕರಗಿದ ಉಕ್ಕನ್ನು ಹೊಯ್ಯಲು ಮರಳಿನಲ್ಲಿ ಅಚ್ಚು ಬೇಕು. ಆ ಅಚ್ಚು ಮೂಡಿಸಲು ಮೊದಲು ಮರದಲ್ಲಿ ಒಂದು ಮಾದರಿ ಬೇಕು. ಆ ಮರದ ಮಾದರಿ ಮಾಡುವುದು ಅವರ ಕೆಲಸ. ಮೂವತ್ತೈದು ವರ್ಷ ಅದನ್ನೇ ಮಾಡಿದರು. ರಿಟೈರ್ ಆದಮೇಲೂ ಬೀದಿಯವರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅಳತೆಯ ವಿಷಯದಲ್ಲಿ ಅವರ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಎದುರುಮನೆಯವರು ಹೊಸ ಕಿಟಕಿ ಕೂರಿಸಿದಾಗ ಇವರು ರಸ್ತೆಯಲ್ಲೇ ನಿಂತು ನೋಡಿ, "ಎಡಗಡೆ ಒಂದು ನೂಲು ಇಳಿದಿದೆ" ಅಂದರು. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅಳೆದು ನೋಡಿದರು. ಇಳಿದಿತ್ತು.

ಇಂಥವರು ರಿಟೈರ್ ಆದರು ಅಂತ ಸುಮ್ಮನೆ ಕೂರುತ್ತಾರಾ? ರಾಜಾಜಿನಗರದಲ್ಲಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಕೆಲವರು ಸೇರಿ ಒಂದು ಆಟ ಆಡುತ್ತಿದ್ದರು. ದೊಡ್ಡ ಮೇಜು, ಅದರ ಮೇಲೆ ಹಸಿರು ಬಟ್ಟೆ, ಥರ್ಮಾಕೋಲಿನ ಗುಡ್ಡ, ಎರಡು ಕಡೆ ಹೆಬ್ಬೆರಳಿಗಿಂತ ಚಿಕ್ಕ ಲೋಹದ ಸೈನಿಕರು. ನೂರಾರು ವರ್ಷಗಳ ಹಿಂದಿನ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಆಟ. ಚೆಸ್ಸಿನ ಹಾಗೆ ಮನೆಗಳಿರುವುದಿಲ್ಲ. ಕಾಲಾಳು ಇಷ್ಟು ಇಂಚು ನಡೆಯಬಹುದು, ಕುದುರೆ ಇಷ್ಟು ಓಡಬಹುದು, ಬಾಣ ಇಷ್ಟು ದೂರ ಹೋಗಬಹುದು ಎಂದು ಎಲ್ಲದಕ್ಕೂ ಅಳತೆ. ಏಟು ಬಿತ್ತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಅವರಿಗೆ ಸೈನಿಕರನ್ನು ಎರಕ ಹೊಯ್ದು ಕೊಡುವವರು ಬೇಕಾಗಿತ್ತು, ಯಾರೋ ಮೇಸ್ತ್ರಿಗಳ ಹೆಸರು ಹೇಳಿದರು. ಇವರು ತವರದಲ್ಲಿ ಹೊಯ್ದು ಕೊಟ್ಟರು. ಕೊಟ್ಟು ಸುಮ್ಮನಿರದೆ, ಇವನ್ನಿಟ್ಟುಕೊಂಡು ಅವರೇನು ಮಾಡುತ್ತಾರೆ ಎಂದು ಇಂಗ್ಲಿಷ್ ರೂಲ್ ಬುಕ್ಕೊಂದನ್ನು ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದರು.

ಒಂದು ದಿನ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ಏನಮ್ಮಾ, ಭಾನುವಾರ ನಿನ್ನ ಕಟಿಂಗ್ ಟೇಬಲ್ ಖಾಲೀನೇ ಇರುತ್ತಲ್ಲ?" ಅಂದರು.

"ಇರುತ್ತೆ ಮೇಸ್ತ್ರಿಗಳೇ. ಯಾಕೆ, ಏನಾದ್ರೂ ಕಟ್ ಮಾಡ್ಬೇಕಿತ್ತಾ?"

"ಯುದ್ಧ ಮಾಡ್ಬೇಕಿತ್ತು" ಅಂದರು, ಮುಖ ಒಂದಿಷ್ಟೂ ಬದಲಾಗದೆ.

ನನ್ನ ಕಟಿಂಗ್ ಟೇಬಲ್ ಆರಡಿ ಉದ್ದ, ನಾಲ್ಕಡಿ ಅಗಲ. ಆ ಆಟಕ್ಕೆ ಬೇಕಾದದ್ದೂ ಅಷ್ಟೇ ದೊಡ್ಡ ಮೇಜು. ಮೇಜೇನೋ ಸಿಕ್ಕಿತು, ಎದುರಾಳಿ ಎಲ್ಲಿ? ರಾಜಾಜಿನಗರದ ಹಾಲಿನಲ್ಲಿ ಸೇರುವವರು ಮಾತಿಗೆ ಮೊದಲು ಇಂಗ್ಲಿಷ್ ಆಡುವವರು, ಅವರ ಜೊತೆ ಕೂರಲು ಇವರಿಗೆ ಸಂಕೋಚ. ಹಾಗಾಗಿ ಎದುರಾಳಿಯ ಜಾಗಕ್ಕೆ ನಾನು ಬಂದೆ. ನನಗೆ ಸೋಲುವುದೆಂದರೆ ಆಗದು. ಶಾಲೆಯಲ್ಲಿ ಕುಂಟೆಬಿಲ್ಲೆ ಸೋತರೂ ಊಟ ಬಿಡುತ್ತಿದ್ದವಳು. ಆ ಮನುಷ್ಯರ ಕೈಲಿ ಆರು ವರ್ಷ ಸತತವಾಗಿ ಸೋಲುತ್ತೇನೆ ಎಂದು ಗೊತ್ತಿದ್ದರೆ ಟೇಬಲ್ಲನ್ನು ಅವತ್ತೇ ಮಾರಿಬಿಡುತ್ತಿದ್ದೆ.

ನನಗೆ ಕೊಟ್ಟದ್ದು ಯೂರೋಪಿನ ಕಡೆಯ ಸೈನ್ಯ. ಮೈತುಂಬ ಉಕ್ಕಿನ ಅಂಗಿ ತೊಟ್ಟು, ಉದ್ದ ಈಟಿ ಹಿಡಿದ ಸರದಾರರು, ಅವರ ಹಿಂದೆ ಕಾಲಾಳುಗಳು. ನೋಡಲು ಭರ್ಜರಿ. ಮೇಸ್ತ್ರಿಗಳು ತಮಗೆ ಇಟ್ಟುಕೊಂಡದ್ದು ಮಂಗೋಲರ ಬಿಲ್ಲುಗಾರ ಸವಾರರನ್ನು. ಪುಟ್ಟ ಕುದುರೆಗಳು, ಮೈಮೇಲೆ ಸರಿಯಾದ ರಕ್ಷಣೆಯೂ ಇಲ್ಲ, ಪ್ರತಿಯೊಬ್ಬನ ಕೈಯಲ್ಲೂ ಒಂದು ಬಿಲ್ಲು. "ಇವೇ ಯಾಕೆ ಮೇಸ್ತ್ರಿಗಳೇ?" ಅಂದರೆ, "ಮೂವತ್ತೈದು ವರ್ಷ ಒಂದೇ ಬೆಂಚಿನ ಮುಂದೆ ನಿಂತಿದ್ದೀನಿ ಕಣಮ್ಮ. ಇನ್ನಾದ್ರೂ ಸ್ವಲ್ಪ ಓಡಾಡೋಣ ಅಂತ" ಅಂದರು.

ಓಡಾಡಿದರು ನೋಡಿ. ನನ್ನ ಸರದಾರರು ಎದೆಯೆತ್ತಿ ಮುಂದೆ ಬರುತ್ತಿದ್ದರು. ಆ ಕುದುರೆಗಳು ಹತ್ತಿರ ಬಂದು ಬಾಣ ಬಿಟ್ಟು ಹಿಂದಕ್ಕೆ ಓಡುತ್ತಿದ್ದವು. ನಾನು ಅಟ್ಟಿಸಿಕೊಂಡು ಹೋದರೆ ಸಿಗುತ್ತಿರಲಿಲ್ಲ. ಸಿಟ್ಟಿನಿಂದ ಇನ್ನಷ್ಟು ದೂರ ಹೋದರೆ ಎರಡೂ ಪಕ್ಕದಿಂದ ಬಂದು ಸುತ್ತುವರಿಯುತ್ತಿದ್ದವು. ಸೊಳ್ಳೆ ಕಾಟದ ಹಾಗೆ, ಕಚ್ಚಿದ್ದು ಗೊತ್ತಾಗುತ್ತದೆ, ಹೊಡೆಯಲು ಕೈಗೆ ಸಿಗುವುದಿಲ್ಲ. "ಇದೇನು ಗಂಡಸರ ಯುದ್ಧವಾ, ಓಡಿ ಓಡಿ ಹೋಗೋದು?" ಎಂದು ನಾನು ರೇಗುತ್ತಿದ್ದೆ. ಅವರು ತಮ್ಮ ಕೋಲನ್ನು ಮೇಜಿನ ಮೇಲಿಟ್ಟು ಇನ್ನೊಂದು ಕುದುರೆ ಸರಿಸುತ್ತಿದ್ದರು.

ಆ ಕೋಲುಗಳ ವಿಷಯ ಇಲ್ಲೇ ಹೇಳಬೇಕು. ನಾನು ಅಳೆಯುತ್ತಿದ್ದದ್ದು ನನ್ನ ಹೊಲಿಗೆ ಟೇಪಿನಲ್ಲಿ. ಅವರು ತೇಗದ ಮರದಲ್ಲಿ ಎರಡು ಕೋಲು ಮಾಡಿಕೊಂಡಿದ್ದರು. ಕುದುರೆಯ ಒಂದು ಓಟಕ್ಕೆ ಒಂದಡಿಯ ಕೋಲು, ಬಾಣಕ್ಕೆ ಅರ್ಧ ಅಡಿಯ ಕೋಲು. ಅಂಚು ಉಜ್ಜಿ, ಅರಗಿನ ಪಾಲಿಷ್ ಕೊಟ್ಟು, ಕನ್ನಡಿಯಷ್ಟು ನುಣ್ಣಗೆ ಮಾಡಿದ್ದರು. "ನಿನ್ನ ಟೇಪು ಎಳೆದಷ್ಟೂ ಬರುತ್ತೆ ಕಣಮ್ಮ, ಅದನ್ನ ನಂಬಬೇಡ" ಎಂದು ಆಗಾಗ ಛೇಡಿಸುತ್ತಿದ್ದರು. ಮೇಜಿನ ಮೇಲೆ ನನ್ನ ಸರದಾರರು ಅವರ ಕುದುರೆಗಳನ್ನು ಇನ್ನೇನು ಮುಟ್ಟಿದರು ಅನ್ನುವಾಗ ಕೂದಲೆಳೆಯಲ್ಲಿ ತಪ್ಪಿಹೋಗುತ್ತಿತ್ತು. ನನ್ನ ಟೇಪಿನ ಮೇಲೆ ನನಗೇ ಅನುಮಾನ ಬಂದು ಹೊಸದು ಕೊಂಡದ್ದೂ ಉಂಟು.

ಅವರ ಮನೆಯವರು, ನಾನು ಅಮ್ಮ ಅನ್ನುತ್ತಿದ್ದೆ, ಆಟದ ಮಧ್ಯೆ ಕಾಫಿ ತಂದುಕೊಟ್ಟು, "ಗೊಂಬೆ ಮದುವೆ ಆಡೋ ವಯಸ್ಸಲ್ಲ ಅಂತ ಗೊಂಬೆ ಯುದ್ಧ ಆಡ್ತಾ ಇದೀರಾ?" ಎಂದು ನಗುತ್ತಿದ್ದರು. ಮೇಸ್ತ್ರಿಗಳಿಗೆ ಸಕ್ಕರೆ ಇಲ್ಲದ ಕಾಫಿ. ಗೆದ್ದ ದಿನ ಕದ್ದು ನನ್ನ ಲೋಟದಿಂದ ಒಂದು ಗುಟುಕು ಕುಡಿಯುತ್ತಿದ್ದರು. ಅಂದರೆ ಪ್ರತೀ ಭಾನುವಾರ ಕುಡಿಯುತ್ತಿದ್ದರು...

ಆರನೇ ವರ್ಷ ಹಾಲಿನವರು ತಮ್ಮ ವಾರ್ಷಿಕ ಪಂದ್ಯ ಇಟ್ಟುಕೊಂಡಾಗ ನಾನೇ ಹಠ ಹಿಡಿದು ಮೇಸ್ತ್ರಿಗಳ ಹೆಸರು ಕೊಡಿಸಿದೆ. "ನನ್ನನ್ನ ಸೋಲಿಸೋದೇ ಆಯ್ತಲ್ಲ, ಹೊರಗೆ ಹೋಗಿ ನಾಲ್ಕು ಜನರನ್ನ ಸೋಲಿಸಿ" ಅಂದೆ. ಅವರು ಮೊದಲು ಬೇಡವೆಂದರು, ಆಮೇಲೆ ಒಪ್ಪಿದರು. ಒಪ್ಪಿದ ಮೇಲೆ ಅವರ ಖುಷಿ ನೋಡಬೇಕಿತ್ತು. ಕುದುರೆಗಳಿಗೆಲ್ಲ ಹೊಸದಾಗಿ ಬಣ್ಣ ಬಳಿದರು. ಪಂದ್ಯಕ್ಕೆ ಹಾಕಿಕೊಳ್ಳಲು ನನ್ನ ಹತ್ತಿರವೇ ಒಂದು ಶರ್ಟ್ ಹೊಲಿಸಿಕೊಂಡರು.

ಪಂದ್ಯಕ್ಕೆ ಐದು ವಾರ ಇತ್ತು. ಒಂದು ಭಾನುವಾರ ಆಟ ಮುಗಿಸಿ ಮೇಲೆ ಹೋಗುವಾಗ ಕೋಲುಗಳನ್ನು ಮೇಜಿನ ಮೇಲೇ ಮರೆತರು. ಮಾರನೆಯ ದಿನ ನನಗೆ ಮದುವೆ ಬ್ಲೌಸುಗಳ ಅವಸರ. ನನ್ನ ಸ್ಕೇಲು ಬಟ್ಟೆಯ ರಾಶಿಯ ಕೆಳಗೆಲ್ಲೋ ಸೇರಿಹೋಗಿತ್ತು. ಮೊಣಕೈವರೆಗಿನ ತೋಳು, ಹನ್ನೆರಡು ಇಂಚು ಸರಿಯಾಗಿ ಬೇಕು. ಕಣ್ಣೆದುರು ಮೇಸ್ತ್ರಿಗಳ ಒಂದಡಿ ಕೋಲಿತ್ತು. ಅದಕ್ಕಿಂತ ನಂಬಿಕಸ್ತ ಅಳತೆ ಬೆಂಗಳೂರಿನಲ್ಲೇ ಇಲ್ಲ ಎಂದುಕೊಂಡು ಅದನ್ನಿಟ್ಟೇ ಗುರುತು ಹಾಕಿ ಕತ್ತರಿಸಿದೆ.

ಮದುವೆ ಹುಡುಗಿ ತೊಟ್ಟು ನೋಡಿ, "ಅಕ್ಕಾ, ಅಳತೆ ಬ್ಲೌಸಿಗಿಂತ ತೋಳು ಉದ್ದ ಇದೆಯಲ್ಲ" ಅಂದಳು. ನನ್ನ ಕೈಕೆಲಸದಲ್ಲಿ ಅಂಥ ಮಾತು ಕೇಳಿದವಳಲ್ಲ ನಾನು. ಟೇಪು ಹಿಡಿದೆ. ಹನ್ನೆರಡೂಕಾಲು. ಅವಳನ್ನು ಕಳಿಸಿ ಕೋಲನ್ನು ಅಳೆದೆ. ಹನ್ನೆರಡೂಕಾಲು. ಟೇಪು ಕೆಟ್ಟಿರಬೇಕು ಎಂದು ಹೊಸ ಸ್ಟೀಲ್ ಸ್ಕೇಲು ತಂದು ಅಳೆದೆ. ಟೇಪೂ ಸ್ಕೇಲೂ ಒಂದೇ ಹೇಳಿದವು. ಕೋಲು ಮಾತ್ರ ಎರಡು ನೂಲು ಉದ್ದ. ಅರ್ಧ ಅಡಿಯ ಕೋಲು ಒಂದು ನೂಲು ಉದ್ದ.

ಆರು ವರ್ಷ. ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋದ ಕುದುರೆಗಳೆಲ್ಲ ಕಣ್ಣ ಮುಂದೆ ಬಂದವು. ಅವರು ಬೇಕೆಂದು ಮಾಡಿದ್ದಾರೆ ಎಂಬ ಯೋಚನೆ ನನಗೆ ಒಂದು ಕ್ಷಣವೂ ಬರಲಿಲ್ಲ, ಅದನ್ನು ಎದೆ ಮುಟ್ಟಿ ಹೇಳಬಲ್ಲೆ. ನನಗೆ ಬಂದ ಭಯವೇ ಬೇರೆ. ಪಂದ್ಯದ ಹಾಲಿನಲ್ಲಿ ಯಾರಾದರೂ ಆ ಕೋಲಿನ ಪಕ್ಕ ಟೇಪು ಹಿಡಿದರೆ ಏನಾಗುತ್ತದೆ? ಅಳತೆಯಿಂದಲೇ ಹೆಸರು ಮಾಡಿದ ಮನುಷ್ಯ, ಅಷ್ಟು ಜನರ ಮುಂದೆ ಮೋಸಗಾರ ಅನ್ನಿಸಿಕೊಳ್ಳಬೇಕು. ಹೇಳಿಬಿಟ್ಟರೆ ಇವರು ಪಂದ್ಯಕ್ಕೇ ಹೋಗುವುದಿಲ್ಲ. ಹೇಳದೆ ಸರಿ ಮಾಡಿಬಿಡೋಣ ಎಂದು ತೀರ್ಮಾನಿಸಿದೆ. ನಾನು ತೀರ್ಮಾನಕ್ಕೆ ತಡ ಮಾಡುವವಳಲ್ಲ.

ಸಣ್ಣ ಗರಗಸದಲ್ಲಿ ಎರಡೂ ಕೋಲುಗಳ ತುದಿ ಕುಯ್ದೆ. ಮರಳು ಕಾಗದದಲ್ಲಿ ಉಜ್ಜಿದೆ. ಕುಯ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಮನೆಯಲ್ಲಿದ್ದ ಕಂದು ಬಣ್ಣದ ನೇಲ್ ಪಾಲಿಷ್ ಬಳಿದೆ. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಭಾನುವಾರ ಮೇಸ್ತ್ರಿಗಳು ಕುದುರೆಗಳನ್ನು ಜೋಡಿಸಿ, ಕೋಲನ್ನು ಕೈಗೆತ್ತಿಕೊಂಡು, ಹೆಬ್ಬೆರಳನ್ನು ತುದಿಯ ಮೇಲೆ ಒಮ್ಮೆ ಆಡಿಸಿದರು. ಅಷ್ಟೇ. ಮೂಗಿನ ಹತ್ತಿರ ತಂದರು.

"ಇದನ್ನ ಯಾರು ಕುಯ್ದಿದ್ದು?"

ಸುಳ್ಳು ಹೇಳಬಹುದಿತ್ತು. ಆ ಮುಖ ನೋಡಿ ಆಗಲಿಲ್ಲ. ತೋಳಿನ ಕಥೆ, ಟೇಪಿನ ಕಥೆ, ಸ್ಕೇಲಿನ ಕಥೆ ಎಲ್ಲ ಹೇಳಿದೆ. ಅವರು ಎದ್ದು ಮೇಲೆ ಹೋಗಿ ತಮ್ಮ ಹಳೇ ಉಪಕರಣಗಳ ಪೆಟ್ಟಿಗೆ ತಂದರು. ಅದರೊಳಗಿಂದ ಎರಡು ಸ್ಟೀಲ್ ಸ್ಕೇಲು ತೆಗೆದು ಪಕ್ಕಪಕ್ಕ ಇಟ್ಟರು. ಎರಡರ ಮೇಲೂ ಒಂದಡಿಯ ಗುರುತುಗಳೇ. ಒಂದು ಇನ್ನೊಂದಕ್ಕಿಂತ ಎರಡು ನೂಲು ಉದ್ದ.

"ಉಕ್ಕು ಆರಿದಾಗ ಕುಗ್ಗುತ್ತೆ ಕಣಮ್ಮ" ಅಂದರು. "ಅಡಿಗೆ ಎರಡು ನೂಲು. ಅದಕ್ಕೆ ಮರದ ಮಾದರಿ ಅಷ್ಟು ದೊಡ್ಡದಿರ್ಬೇಕು. ಒಂದೊಂದಕ್ಕೂ ಲೆಕ್ಕ ಹಾಕ್ತಾ ಕೂರೋಕಾಗಲ್ಲ ಅಂತ ನಮ್ಮ ಕೆಲಸಕ್ಕೆ ಸ್ಕೇಲೇ ಉದ್ದ ಇರುತ್ತೆ. ಮೂವತ್ತೈದು ವರ್ಷ... ಮರ ಮುಟ್ಟಿದ್ರೆ ಕೈ ತಾನಾಗೇ ಇದನ್ನ ಎತ್ಕೊಳ್ಳುತ್ತೆ. ಕೋಲು ಮಾಡುವಾಗ್ಲೂ ಎತ್ಕೊಂಡಿದೆ. ನನಗೆ ಗೊತ್ತೇ ಆಗ್ಲಿಲ್ಲ."

ಆಮೇಲೆ ನನ್ನನ್ನು ನೋಡಿ, "ತಪ್ಪಾಯ್ತಮ್ಮ. ಆರು ವರ್ಷ ನಿನಗೆ ಅನ್ಯಾಯ ಆಯ್ತು" ಅಂದರು. ನಾನು "ಬಿಡಿ ಮೇಸ್ತ್ರಿಗಳೇ, ಆಟ ತಾನೇ" ಅಂದೆ. ಅವರು ಕುಯ್ದ ತುದಿಯನ್ನು ತೋರಿಸಿ, "ಇದನ್ನ ಯಾಕೆ ಹೇಳದೆ ಮಾಡ್ದೆ?" ಎಂದು ಕೇಳಿದರು. "ನಿಮಗೆ ಬೇಜಾರಾಗುತ್ತೆ ಅಂತ" ಅಂದೆ. "ಬೇಜಾರಾದ್ರೆ ಆಗ್ಲಿ. ಅಳತೆ ತಪ್ಪಿದ್ರೆ ಹೇಳ್ಬೇಕು" ಅಂದರು. ಅವರಷ್ಟು ಸಲೀಸಾಗಿ ನಾನು ತಪ್ಪಾಯ್ತು ಅನ್ನಲಿಲ್ಲ. ಒಳ್ಳೆಯದು ಮಾಡಲು ಹೋದವಳು ನಾನು, ನನ್ನದೇನು ತಪ್ಪು ಎಂಬ ಜಂಬ.

ಅವತ್ತು ಆಡಿದೆವು, ಕುಯ್ದ ಕೋಲಿನಲ್ಲೇ. ಅವರೇ ಗೆದ್ದರು. ಗೆದ್ದ ಮೇಲೆ ಕಾಫಿ ಲೋಟದ ಕಡೆ ಕೈ ಚಾಚಲಿಲ್ಲ. "ನೀನು ಬಿಟ್ಟುಕೊಟ್ಟೆ" ಅಂದರು. ದೇವರಾಣೆಗೂ ಇಲ್ಲ ಅಂದೆ. "ಕೋಲನ್ನ ಕದ್ದು ಕುಯ್ದೋಳು ಆಟಾನ ಕದ್ದು ಬಿಟ್ಟುಕೊಡಲ್ವಾ?" ಅಂದರು. ಬಾಗಿಲವರೆಗೆ ಹೋಗಿ ತಿರುಗಿ, "ಇಷ್ಟು ವರ್ಷ ಗೆದ್ದಿದ್ದು ಯಾರು ಕಣಮ್ಮ, ನಾನಾ ಕೋಲಾ?" ಎಂದು ಕೇಳಿದರು. ಕೇಳಿ ಮೆಟ್ಟಿಲು ಹತ್ತಿ ಹೋದರು.

ಅಲ್ಲಿಗೆ ಸಿಕ್ಕಿಹಾಕಿಕೊಂಡೆ. ಮತ್ತೆ ಆಡಿ ನಾನು ಸೋತರೆ ಬೇಕೆಂದು ಸೋತೆ ಅನ್ನುತ್ತಾರೆ. ನಾನು ಗೆದ್ದರೆ, ನೋಡು, ಇಷ್ಟು ವರ್ಷ ಕೋಲೇ ಗೆದ್ದದ್ದು ಅನ್ನುತ್ತಾರೆ. ಹಾಲಿಗೆ ಫೋನು ಮಾಡಿ ಪಂದ್ಯದಿಂದ ಹೆಸರು ತೆಗೆಸುತ್ತೇನೆ ಎಂದು ಅಮ್ಮನ ಹತ್ತಿರ ಬೇರೆ ಹೇಳಿದರಂತೆ. ಮೂರು ಭಾನುವಾರ ಮೆಟ್ಟಿಲಿಳಿಯಲಿಲ್ಲ. ನನ್ನ ಮೇಜು ಖಾಲಿ ಬಿದ್ದಿತ್ತು.

ಮೂರನೇ ಭಾನುವಾರ ಸಂಜೆ ಅಮ್ಮ ಕೆಳಗೆ ಬಂದು ಸ್ಟೂಲಿನ ಮೇಲೆ ಕೂತರು. "ಸರಿಯಾಗಿ ಊಟ ಮಾಡ್ತಾ ಇಲ್ಲ ಕಣಮ್ಮ. ಸ್ಕೇಲ್ ಹಿಡ್ಕೊಂಡು ಮನೇಲಿರೋ ಮರದ ಸಾಮಾನೆಲ್ಲ ಅಳೀತಾ ಇದಾರೆ. ಶೆಲ್ಫು ಉದ್ದ ಅಂತೆ, ಮಣೆ ಉದ್ದ ಅಂತೆ. ಅವರು ಮಾಡಿದ್ದೆಲ್ಲಾ ಉದ್ದ. ಕೊನೆಗೆ ದೇವರ ಮಂಟಪಾನೂ ಅಳೆದ್ರು..." ಎಂದು ನಿಲ್ಲಿಸಿದರು. ನಗಬೇಕೋ ಅಳಬೇಕೋ ಅವರಿಗೂ ತಿಳಿದಿರಲಿಲ್ಲ. "ನಾನು ಮಾಡಿದ್ದು ಯಾವುದೂ ಸರಿ ಇಲ್ಲ ಅಂತಾರೆ ಕಣಮ್ಮ. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಇಂಥ ಮಾತು ಬಂದಿರ್ಲಿಲ್ಲ."

ನನಗೆ ಸಿಟ್ಟು ಬಂತು. ಮೇಸ್ತ್ರಿಗಳ ಮೇಲೋ, ಕೋಲಿನ ಮೇಲೋ, ನನ್ನ ಮೇಲೋ, ಹೇಳಲಾರೆ. ನನ್ನ ಸರದಾರರು ಮಲಗಿದ್ದ ಚಕ್ಕುಲಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಅವರು ಬಾಗಿಲ ಚೌಕಟ್ಟಿಗೆ ಸ್ಕೇಲು ಹಿಡಿದು ನಿಂತಿದ್ದರು.

"ಮೇಸ್ತ್ರಿಗಳೇ, ಇದು ನನ್ನ ಸೈನ್ಯ, ನೀವು ಇಟ್ಕೊಳ್ಳಿ. ನಿಮ್ಮ ಕುದುರೆ ನನಗೆ ಕೊಡಿ" ಅಂದೆ. "ಆ ಕುದುರೆಗಳೇ ಗೆಲ್ಲೋದು, ಕೋಲೇ ಗೆಲ್ಲೋದು ಅಂತ ತಾನೆ ನಿಮ್ಮ ವಾದ? ಕುದುರೇನೂ ನನಗಿರ್ಲಿ, ನಾನು ಕುಯ್ಯೋ ಮುಂಚೆ ಇದ್ದಷ್ಟೇ ಉದ್ದದ ಕೋಲು ಇನ್ನೊಂದು ಮಾಡಿಕೊಡಿ, ಅದೂ ನನಗೇ ಇರ್ಲಿ. ಈಗ ಗೆಲ್ಲಿ ನೋಡೋಣ."

"ನೀನು ಬಿಟ್ಟುಕೊಡ್ತೀಯ" ಅಂದರು.

ಹಿಂದಿನಿಂದ ಅಮ್ಮ, "ರೀ, ಅವಳ ಮುಖ ನೋಡ್ರೀ. ಅದು ಬಿಟ್ಟುಕೊಡೋ ಮುಖಾನಾ?" ಅಂದರು.

ಮೇಸ್ತ್ರಿಗಳು ನನ್ನ ಮುಖ ನೋಡಿದರು. ಒಂದು ತೇಗದ ಪಟ್ಟಿ ಹುಡುಕಿ, ಉದ್ದದ ಸ್ಕೇಲನ್ನೇ ಇಟ್ಟು ಕೋಲು ಕುಯ್ದು ನನ್ನ ಕೈಗೆ ಕೊಟ್ಟರು. ಮೂವರೂ ಕೆಳಗಿಳಿದು ನನ್ನ ಮೇಜಿನ ಹತ್ತಿರ ಬಂದೆವು.

ಆ ಆಟ ನನಗೆ ಇವತ್ತಿಗೂ ಒಂದು ಚೂರೂ ಬಿಡದೆ ನೆನಪಿದೆ. ಮೊದಲು ಸುಖವೋ ಸುಖ. ಕುದುರೆಗಳನ್ನು ಮುಂದೆ ಕಳಿಸಿದೆ, 'ಬಾಣ' ಅಂದೆ, ದಾಳ ನನ್ನ ಮಾತು ಕೇಳಿತು, ಅವರ ಕಾಲಾಳುಗಳ ಒಂದು ಸಾಲು ಬಿತ್ತು. ಹಿಂದಕ್ಕೆ ಓಡಿದೆ. ಈಗ ಅಟ್ಟಿಸಿಕೊಂಡು ಬರಲಿ ಎಂದು ಕಾದೆ. ಅವರು ಬರಲಿಲ್ಲ. ಸಾಲು ಸರಿಮಾಡಿಕೊಂಡು ನಾಲ್ಕು ಬೆರಳು ಮುಂದಿಟ್ಟರು, ಅಷ್ಟೇ. ಮತ್ತೆ ಬಾಣ ಬಿಟ್ಟೆ, ಮತ್ತೆ ಓಡಿದೆ. ಮತ್ತೆ ನಾಲ್ಕು ಬೆರಳು. ಸರದಾರರನ್ನು ಒಬ್ಬರಿಂದೊಬ್ಬರು ಬಿಡಿಸಿ ಕಳಿಸಲೇ ಇಲ್ಲ. ಗುಡ್ಡದ ಪಕ್ಕದ ಸಂದಿಗೆ ಕಾಲಾಳುಗಳನ್ನು ತುಂಬಿದರು. ಮೇಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಗೋಡೆ ಕಟ್ಟಿದ ಹಾಗೆ ಬಂದರು. ನಾನು ಹಿಂದೆ ಹೋದೆ, ಇನ್ನೂ ಹಿಂದೆ ಹೋದೆ, ಮೇಜು ಮುಗಿಯಿತು. ಮೇಜಿನಿಂದ ಹೊರಗೆ ಹೋದ ಕುದುರೆ ಸತ್ತ ಹಾಗೆ ಎನ್ನುವುದು ಆಟದ ನಿಯಮ. ಎಡಕ್ಕೆ ನುಗ್ಗಲು ನೋಡಿದೆ, ಜಾಗವಿಲ್ಲ. ಬಲಕ್ಕೆ ನೋಡಿದೆ, ಜಾಗವಿಲ್ಲ. ನನ್ನ ಹದಿನೆಂಟು ಕುದುರೆಗಳು ಒಂದು ಮೂಲೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು, ಮುಂದೆ ಉಕ್ಕಿನಂಗಿಯ ಸರದಾರರು.

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ನಿಜವಾಗಿ ಗೆಲ್ಲಬೇಕೆಂದಿದ್ದೆ. ಅದು ಮೇಸ್ತ್ರಿಗಳಿಗೂ ಕಂಡಿರಬೇಕು, ಯಾಕೆಂದರೆ ಆರು ವಾರ ಕಾಣದಿದ್ದ ನಗೆ ಮೀಸೆಯ ಮೂಲೆಯಲ್ಲಿ ಮೂಡಿತು. ಇಲ್ಲ, ಆರಲ್ಲ, ನಾಲ್ಕು ವಾರ ಇರಬೇಕು...

"ಕೋಲೆಲ್ಲಮ್ಮ?" ಎಂದು ಕೇಳಿದರು.

ಹುಡುಕಿದೆ. ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ ಬಿದ್ದಿತ್ತು. ಕೊನೆಯ ಅಷ್ಟೂ ಹೊತ್ತು ಅದನ್ನು ಇಟ್ಟು ಅಳೆಯುವಷ್ಟು ಜಾಗವೇ ನನಗೆ ಉಳಿದಿರಲಿಲ್ಲ. ಅದು ಬಿದ್ದದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

"ನೀನು ಆರು ವರ್ಷ ನನ್ನ ಹಿಂದೆ ಓಡ್ದೆ ಕಣಮ್ಮ" ಅಂದರು. "ಓಡಬಾರದಿತ್ತು. ನಡೀಬೇಕಿತ್ತು."

"ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಗೆದ್ಬಿಡ್ತಿದ್ದೆ" ಎಂದು ನನ್ನ ಲೋಟಕ್ಕೆ ಕೈ ಹಾಕಿ ಒಂದು ಗುಟುಕಲ್ಲ, ಪೂರ್ತಿ ಕಾಫಿ ಕುಡಿದರು. ಅಮ್ಮ ನೋಡಿಯೂ ನೋಡದ ಹಾಗೆ ಗೋಡೆಯ ಕಡೆ ತಿರುಗಿಕೊಂಡರು.

ಪಂದ್ಯಕ್ಕೆ ಹೋದರು, ಜೊತೆಗೆ ನಾನೂ ಹೋದೆ. ಬಸ್ಸಿನಲ್ಲಿ ಕುದುರೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಹಂಪ್ ಬಂದಾಗಲೂ ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಸರಿಯಾದ ಸ್ಕೇಲಿನಲ್ಲಿ ಹೊಸ ಕೋಲುಗಳನ್ನು ಮಾಡಿಕೊಂಡಿದ್ದರು. ಮೊದಲ ಆಟದಲ್ಲೇ ಎದುರಾಳಿ, "ತಪ್ಪು ತಿಳ್ಕೋಬೇಡಿ ಸಾರ್, ಒಂದ್ಸಲ ಅಳೀಬಹುದಾ?" ಎಂದು ಟೇಪು ತೆಗೆದ. ನಾನು ಗೋಡೆ ಪಕ್ಕದ ಕುರ್ಚಿಯಿಂದ ಅರ್ಧ ಎದ್ದೆ. ಮೇಸ್ತ್ರಿಗಳು ತಾವೇ ಕೋಲನ್ನು ಅವನ ಕೈಗಿಟ್ಟರು. ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಮೂರು ಆಟದಲ್ಲಿ ಎರಡು ಗೆದ್ದರು, ಒಂದು ಸೋತರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಸೋತ ಆಟದ ಬಗ್ಗೆಯೇ ಮಾತಾಡಿದರು, ಗೆದ್ದವುಗಳ ಬಗ್ಗೆ ಒಂದು ಮಾತಿಲ್ಲ.

ಆಮೇಲೂ ವರ್ಷಗಟ್ಟಲೆ ಆಡಿದೆವು. ನಾನು ಓಡುವುದನ್ನು ಬಿಟ್ಟು ನಡೆಯಲು ಕಲಿತೆ. ಅಪರೂಪಕ್ಕೆ ಗೆದ್ದೆ, ಗೆದ್ದಾಗ ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡೆ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅಮ್ಮ ಮಗಳ ಜೊತೆ ನಂದಿನಿ ಲೇಔಟಿಗೆ ಹೋದರು. ಹೋಗುವ ಮುಂಚೆ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ಕುದುರೆ ನಿನಗೇ ಅಂತೆ. ಯಾವತ್ತೋ ಹೇಳಿದ್ರು" ಅಂದರು. ಈಗ ಮೇಲಿನ ಮನೆಯಲ್ಲಿ ಟ್ಯೂಷನ್ ನಡೆಯುತ್ತದೆ.

ತಿಂಗಳಿಗೊಮ್ಮೆ ಆ ಕುದುರೆಗಳನ್ನು ತೆಗೆದುಕೊಂಡು ನಾನು ರಾಜಾಜಿನಗರದ ಹಾಲಿಗೆ ಹೋಗುತ್ತೇನೆ. ಅಲ್ಲಿರುವ ಹೆಂಗಸು ನಾನೊಬ್ಬಳೇ, ವಯಸ್ಸಿನಲ್ಲೂ ಎಲ್ಲರಿಗಿಂತ ದೊಡ್ಡವಳು. ಹೆಚ್ಚಾಗಿ ಗೆಲ್ಲುತ್ತೇನೆ. ಸುಮ್ಮನೆ ವಿನಯ ತೋರಿಸಿ ಏನಾಗಬೇಕು, ನಾನು ಚೆನ್ನಾಗಿ ಆಡುತ್ತೇನೆ.

ಮೊನ್ನೆ ಭಾನುವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಎದುರಿಗಿದ್ದರು, ಒಳ್ಳೆಯ ಆಟಗಾರ. ಕೊನೆಯಲ್ಲಿ ನನ್ನ ಸೇನಾಪತಿಯ ಕುದುರೆ ಅವರ ಸಾಲಿನ ನಡುವಿನ ಸಂದಿಯಿಂದ ಪಾರಾಗಬೇಕಿತ್ತು. ಕೋಲಿಟ್ಟೆ. ಚೂರು ಸಾಲದು. ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಸಾಲದು. ಅವರು ನನ್ನನ್ನು ನೋಡಿ, ನಕ್ಕು, "ಬಿಡಿ ಆಂಟಿ, ಆಗುತ್ತೆ. ದಾಟಿಸಿಕೊಳ್ಳಿ" ಅಂದರು. ಪಕ್ಕದಲ್ಲಿ ನಿಂತಿದ್ದವರೂ ತಲೆಯಾಡಿಸಿದರು. ಎಲ್ಲರ ಮುಖದಲ್ಲೂ ಪ್ರೀತಿಯೇ ಇತ್ತು. ಪಾಪ, ವಯಸ್ಸಾದವರು, ಅಷ್ಟು ದೂರದಿಂದ ಬರ್ತಾರೆ, ಗೆಲ್ಲಲಿ ಎನ್ನುವ ಪ್ರೀತಿ.

ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ನಾನು ಇಲ್ಲಿ ಗೆದ್ದ ಆಟಗಳಲ್ಲಿ ನಾನು ಗೆದ್ದದ್ದೆಷ್ಟು, ಇವರು ಬಿಟ್ಟುಕೊಟ್ಟದ್ದೆಷ್ಟು? ತಲೆಯೊಳಗೆ ಆ ಒಂದು ಪ್ರಶ್ನೆ ಬಂದು ಕೂತಿತು, ಎಬ್ಬಿಸಿದರೂ ಏಳಲಿಲ್ಲ. "ಟೇಪು ಹಿಡೀರಿ" ಅಂದೆ. ಅವರು ಮತ್ತೆ "ಪರವಾಗಿಲ್ಲ ಆಂಟಿ" ಅಂದರು. "ಹಿಡೀರಿ ಅಂದ್ನಲ್ಲ" ಎಂದು ಗದರಿದೆ. ಅಳೆದರು. ಸಾಲಲಿಲ್ಲ. ಸೇನಾಪತಿ ಸಿಕ್ಕಿಬಿದ್ದ, ನಾನು ಸೋತೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಯಾರು ನೋಡಿದರೂ ಸರಿ ಎಂದು ಅತ್ತೆ. ಸೋತದ್ದಕ್ಕಲ್ಲ. ನೇಲ್ ಪಾಲಿಷ್ ಬಳಿದ ಆ ಕೋಲನ್ನು ಮೂಗಿನ ಹತ್ತಿರ ಹಿಡಿದಿದ್ದಾಗ ಮೇಸ್ತ್ರಿಗಳಿಗೆ ಏನಾಗಿತ್ತು ಎಂದು ನನಗೆ ಗೊತ್ತಾದದ್ದು ಮೊನ್ನೆ. ಆರು ವರ್ಷದ ತಪ್ಪಿಗೆ ಅವರು ನಿಂತ ನಿಲುವಿನಲ್ಲೇ ತಪ್ಪಾಯ್ತು ಅಂದರು. ನಾನು ಅನ್ನಲಿಲ್ಲ. ಆಮೇಲೆ ಎಷ್ಟೊಂದು ಭಾನುವಾರಗಳಿದ್ದವು, ಒಂದು ದಿನವೂ ಅನ್ನಲಿಲ್ಲ. ಈಗ ಹೇಳಬೇಕೆನಿಸುತ್ತದೆ, ಕೇಳಿಸಿಕೊಳ್ಳಲು ಅವರಿಲ್ಲ.